ಹದಿಹರೆಯದ ಮಕ್ಕಳು ಕ್ಷಮೆ, ತಪ್ಪು-ತಿದ್ದುಪಡಿ ಇಂಥ ವಿಷಯದ ಪುಸ್ತಕ ಯಾಕೆ ಓದ್ಬೇಕು? ನಮ್ಮನೇಲಿ ಇದೇ ಚರ್ಚೆ

ಅಂಗಳದಮಲ್ಲಿಗೆ (ಪ್ರಶ್ನೆ)

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನನ್ನ ಮಗನಿಗೆ ಈಗ 15. ಎರಡು ತಿಂಗಳ ಹಿಂದೆ ಒಂದು ಎಡವಟ್ಟು ಮಾಡ್ಕೊಂಡ. ಅವನ ಗೆಳೆಯ, ಚಿಕ್ಕಂದಿನಿಂದ ಜೊತೆಗೇ ಬೆಳೆದ ಹುಡುಗ, ಮನೇಲಿ ಏನೋ ಬೇಜಾರಾಗಿ ಯಾರಿಗೂ ಹೇಳ್ಬೇಡ ಕಣೋ ಅಂತ ಇವನಿಗೊಬ್ಬನಿಗೇ ಮೆಸೇಜ್ ಮಾಡಿದ್ನಂತೆ, ಇವನು ಅದರ ಸ್ಕ್ರೀನ್‌ಶಾಟ್ ತೆಗೆದು ಕ್ಲಾಸಿನ ಗ್ರೂಪಿಗೆ ಹಾಕ್ಬಿಟ್ಟ. ಯಾಕೋ ಹಾಕ್ದೆ ಅಂತ ಕೇಳಿದ್ರೆ "ಗೊತ್ತಿಲ್ಲಮ್ಮ, ಎಲ್ರೂ ಏನೇನೋ ಹಾಕಿ ನಗ್ತಿದ್ರು, ನಾನೂ ಹಾಕ್ದೆ" ಅಂತಾನೆ, ಅಷ್ಟೇ. ಆ ಹುಡುಗ ಅವತ್ತಿಂದ ಮಾತು ಬಿಟ್ಟಿದಾನೆ. ನಾನು ಬೈದೆ, ಅವರಪ್ಪ ಫೋನ್ ಕಿತ್ತಿಟ್ಕೊಂಡ್ರು, ಅಲ್ಲಿಗೆ ಮುಗೀತು ಅನ್ಕೊಂಡ್ವಿ. ಮುಗೀಲಿಲ್ಲ. ಮೊದಮೊದಲು ಎದುರು ಮಾತಾಡ್ತಿದ್ದ, ಈಗ ಅದೂ ಇಲ್ಲ, ಏನ್ ಹೇಳಿದ್ರೂ "ನಾನು ಅಂಥವನೇ, ಬಿಡಮ್ಮ" ಅಂತ ರೂಮಿಗೆ ಹೋಗ್ತಾನೆ. ಈ ಮಾತು ಕೇಳಿದಾಗೆಲ್ಲ ನನ್ ಹೊಟ್ಟೇಲಿ ಏನೋ ಕಿವುಚಿದ ಹಾಗಾಗುತ್ತೆ.

ಈಗ ವಿಷಯ ಏನಂದ್ರೆ, ಇವನ ಶಾಲೇಲಿ ಈ ಟರ್ಮ್ ಭಾಷಾ ಪಾಠದ ಜೊತೆಗೆ ಒಂದು ಓದಿನ ಕಾರ್ಯಕ್ರಮ ಇಟ್ಟಿದಾರೆ. ತಪ್ಪು ಮಾಡಿದವರು, ಕ್ಷಮಿಸಿದವರು, ತಿದ್ಕೊಂಡವರು ಇಂಥ ಕಥೆ ಕಾದಂಬರಿಗಳನ್ನ ಓದಿ ಚರ್ಚೆ ಮಾಡೋದು. ನನಗೆ ಖುಷಿ ಆಯ್ತು, ಆದ್ರೆ ನಮ್ಮೆಜಮಾನ್ರು "ಪರೀಕ್ಷೆ ವರ್ಷದಲ್ಲಿ ನೀತಿಪಾಠ ಯಾಕೆ, ಅದು ಮನೇಲಿ ಹೇಳ್ಕೊಡೋದು, ಪುಸ್ತಕ ಓದಿ ಯಾರು ಒಳ್ಳೆಯವರಾಗಿದಾರೆ" ಅಂತಾರೆ. ಅವರ ಮಾತಲ್ಲೂ ಸ್ವಲ್ಪ ನಿಜ ಇದೆ ಅನ್ಸುತ್ತೆ, ನಾವು ಮನೇಲಿ ಹೇಳ್ಕೊಟ್ವಿ ಅನ್ಕೊಂಡಿದ್ದೇ ಕೆಲಸಕ್ಕೆ ಬರಲಿಲ್ವಲ್ಲ. ಹಾಗಾಗಿ ಕೇಳ್ತಿದೀನಿ, ಇಂಥ ಪುಸ್ತಕದಿಂದ ಈ ವಯಸ್ಸಿನವರಿಗೆ ನಿಜವಾಗ್ಲೂ ಏನಾದ್ರೂ ಆಗುತ್ತಾ? ಮಕ್ಕಳ ಜೊತೆ ಓದಿದವರು, ಓದಿಸಿದವರು ಇದ್ರೆ ಹೇಳಿ.

---

ಕಪ್ಪುಹಲಗೆ

ಮೇಡಂ, ಹೈಸ್ಕೂಲ್ ಮಕ್ಕಳ ಜೊತೆ ಓದಿಸೋದೇ ನನ್ನ ಕೆಲಸ, ಹನ್ನೆರಡು ವರ್ಷ ಆಯ್ತು. ನಿಮ್ಮ ಮಗ ಹೇಳಿದ "ನಾನು ಅಂಥವನೇ" ಅನ್ನೋ ಮಾತಿದ್ಯಲ್ಲ, ಅದನ್ನ ನಾನು ವರ್ಷಕ್ಕೆ ಒಂದೆರಡು ಸಲವಾದ್ರೂ ಕೇಳ್ತೀನಿ, ಬೇರೆ ಬೇರೆ ಬಾಯಲ್ಲಿ. ನಿಮ್ಮ ಪ್ರಶ್ನೆಗೆ ಉತ್ತರ ಆ ಮಾತಿನ ಒಳಗೇ ಇದೆ ಅನ್ಸುತ್ತೆ.

"ನಾನು ತಪ್ಪು ಮಾಡ್ದೆ" ಅನ್ನೋದು ಬೇರೆ, "ನಾನೇ ಕೆಟ್ಟವನು" ಅನ್ನೋದು ಬೇರೆ. ಮನಶ್ಶಾಸ್ತ್ರದವರು ಇವೆರಡನ್ನೂ ಬೇರೆ ಬೇರೆಯಾಗೇ ನೋಡ್ತಾರೆ, ಹೆಲೆನ್ ಲೂಯಿಸ್ ಅನ್ನೋರು 1971ರಲ್ಲೇ ಇದರ ಬಗ್ಗೆ ಪುಸ್ತಕ ಬರೆದ್ರು, ಆಮೇಲೆ ಜೂನ್ ಟ್ಯಾಂಗ್ನಿ ಅನ್ನೋರು ತುಂಬ ವರ್ಷ ಇದನ್ನೇ ಅಧ್ಯಯನ ಮಾಡಿದ್ರು. ಸರಳವಾಗಿ ಹೇಳೋದಾದ್ರೆ ಮಾಡಿದ ಕೆಲಸದ ಬಗ್ಗೆ ನೋವಿದ್ರೆ ಮನುಷ್ಯ ಅದನ್ನ ಸರಿ ಮಾಡೋಕೆ ಹೋಗ್ತಾನೆ, ತನ್ನ ಬಗ್ಗೇನೇ ಹೇಸಿಗೆ ಹುಟ್ಟಿದ್ರೆ ಅವಿತ್ಕೊಳ್ತಾನೆ, ಇಲ್ಲಾ ಸಿಟ್ಟು ಮಾಡ್ತಾನೆ, ಇಲ್ಲಾ ಬೇರೆಯವರ ಮೇಲೆ ಹಾಕ್ತಾನೆ. ನಿಮ್ಮ ಮಗ ಮೊದಲು ಎದುರು ಮಾತಾಡಿದ, ಆಮೇಲೆ ರೂಮು ಸೇರ್ಕೊಂಡ ಅಂತ ನೀವೇ ಬರೆದಿದೀರಿ. ನಾವು ದೊಡ್ಡವರು ಬೈಯೋದು ತಪ್ಪಿನ ಬಗ್ಗೆ, ಮಗು ಕೇಳಿಸ್ಕೊಳ್ಳೋದು ತನ್ನ ಬಗ್ಗೆ. ಮನೇಲಿ ಎಷ್ಟೇ ಚೆನ್ನಾಗಿ ಹೇಳಿಕೊಟ್ರೂ ಈ ತೊಡಕು ಇದ್ದೇ ಇರುತ್ತೆ, ಯಾಕಂದ್ರೆ ಅಲ್ಲಿ ಕಟಕಟೇಲಿ ನಿಂತಿರೋನು ಅವನೇ.

ಕಥೇಲಿ ಕಟಕಟೇಲಿ ನಿಂತಿರೋನು ಬೇರೆಯವನು. ಅದೊಂದೇ ಅನುಕೂಲ, ಆದ್ರೆ ಅದು ತುಂಬ ದೊಡ್ಡ ಅನುಕೂಲ. ಇನ್ನೊಬ್ಬನ ತಪ್ಪನ್ನ ಮಕ್ಕಳು ಹೆದರಿಕೆ ಇಲ್ಲದೆ ಬಿಚ್ಚಿ ನೋಡ್ತಾರೆ, ಯಾವಾಗ ಶುರುವಾಯ್ತು, ಎಲ್ಲಿ ನಿಲ್ಲಿಸಬಹುದಿತ್ತು, ಆಮೇಲೆ ಏನು ಮಾಡ್ದ, ಹೀಗೆ.

ಒಂದು ಉದಾಹರಣೆ ಕೊಡ್ತೀನಿ. ವಿಕ್ಟರ್ ಹ್ಯೂಗೋ 1862ರಲ್ಲಿ ಬರೆದ 'ಲೆ ಮಿಸರಾಬ್ಲ್' ಎಲ್ರಿಗೂ ಸ್ವಲ್ಪ ಗೊತ್ತಿರುತ್ತೆ. ಬ್ರೆಡ್ ಕದ್ದು, ಓಡಿಹೋಗೋಕೆ ನೋಡಿ ನೋಡಿ ಶಿಕ್ಷೆ ಬೆಳೆದು, 19 ವರ್ಷ ಜೈಲಲ್ಲಿದ್ದು ಬಂದ ವಾಲ್‌ಜಾನ್‌ಗೆ ಬಿಷಪ್ ಮನೇಲಿ ಜಾಗ ಕೊಡ್ತಾರೆ, ಅವನು ಅಲ್ಲಿನ ಬೆಳ್ಳಿ ಸಾಮಾನು ಕದಿತಾನೆ, ಪೊಲೀಸರು ಹಿಡ್ಕೊಂಡು ಬಂದಾಗ ಬಿಷಪ್ಪು ನಾನೇ ಕೊಟ್ಟಿದ್ದು ಅಂತ ಹೇಳಿ ಬೆಳ್ಳಿಯ ಎರಡು ದೀಪದ ಕಂಬಾನೂ ಕೊಟ್ಟು ಕಳಿಸ್ತಾರೆ. ಶಾಲೇಲಿ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ "ನೋಡಿ ಮಕ್ಕಳೇ, ಕ್ಷಮೆ ಎಷ್ಟು ದೊಡ್ಡದು" ಅಂತ ಮುಗಿಸ್ತಾರೆ. ನಾನು ನಿಲ್ಲಿಸಲ್ಲ, ಯಾಕಂದ್ರೆ ಇದಾದ ತಕ್ಷಣ ಏನಾಗುತ್ತೆ ಗೊತ್ತಾ? ಅದೇ ವಾಲ್‌ಜಾನ್ ದಾರೀಲಿ ಹೋಗ್ತಿದ್ದ ಒಬ್ಬ ಚಿಕ್ಕ ಹುಡುಗನ ನಾಣ್ಯ ಉರುಳಿ ಬಂದಾಗ ಅದರ ಮೇಲೆ ಕಾಲಿಟ್ಟು ಕೊಡಲ್ಲ! ಹುಡುಗನ್ನ ಗದರಿಸಿ ಓಡಿಸ್ತಾನೆ. ಆಮೇಲೆ ಕಾಲು ತೆಗೆದು ನೋಡ್ತಾನೆ, ನಾಣ್ಯ ಅಲ್ಲೇ ಹೊಳೀತಿರುತ್ತೆ. ಆಗ ಅವನಿಗೆ ತಾನು ಏನು ಮಾಡ್ದೆ ಅಂತ ಕಾಣಿಸೋದು, ಆ ಹುಡುಗನ ಹೆಸರು ಕೂಗ್ತಾ ಓಡ್ತಾನೆ, ಹುಡುಗ ಸಿಗಲ್ಲ, ಕೂತ್ಕೊಂಡು ಅಳ್ತಾನೆ, 19 ವರ್ಷದಲ್ಲಿ ಮೊದಲನೇ ಸಲ.

ಈ ಭಾಗ ಓದಿದಾಗ ಕ್ಲಾಸು ಸದ್ದಿಲ್ಲದೆ ಕೂತಿರುತ್ತೆ. ಕ್ಷಮೆ ಸಿಕ್ಕ ಮೇಲೂ ಮನುಷ್ಯ ಎಡವ್ತಾನೆ, ಎಡವಿದ ಮೇಲೂ ತಿದ್ಕೊಳ್ಳೋಕೆ ಜಾಗ ಇದೆ ಅಂತ ಯಾರೂ ಅವರಿಗೆ ಹೇಳಿರಲ್ಲ. ಅವರಿಗೆ ನಾವು ಹೇಳಿರೋದು, ಒಂದು ಸಲ ಸಾರಿ ಕೇಳಿದ್ಮೇಲೆ ಇನ್ನೊಂದು ಸಲ ಮಾಡಿದ್ರೆ ಆ ಸಾರಿ ಸುಳ್ಳು ಅಂತ.

ಸಂಕ್ಷಿಪ್ತ ಪ್ರತಿ ತಗೊಳ್ಳೋದಾದ್ರೆ ಈ ನಾಣ್ಯದ ಪ್ರಸಂಗ ಇದ್ಯಾ ನೋಡಿ ತಗೊಳ್ಳಿ. ಕೆಲವದ್ರಲ್ಲಿ ಕತ್ತರಿಸಿಬಿಟ್ಟಿರ್ತಾರೆ, ಅದು ಹೋದ್ರೆ ಅರ್ಧ ಹೋದ ಹಾಗೆ.

---

ಮೂಲೆಬೆಂಚು

ಮೇಲಿನವರು ಹೇಳಿದ್ದು ಚೆನ್ನಾಗಿದೆ, ಆದ್ರೆ ನಾನು ಇನ್ನೊಂದು ಕಡೆಯಿಂದ ಮಾತಾಡ್ಬೇಕು. ಆ ಸ್ಕ್ರೀನ್‌ಶಾಟ್ ಯಾರದೋ ಆ ಹುಡುಗನ ಕಡೆಯಿಂದ.

ಎಂಟನೇ ಕ್ಲಾಸಲ್ಲಿ ನನ್ನನ್ನ ಮೂರು ಜನ ಸೇರಿ ವರ್ಷಪೂರ್ತಿ ಕಾಡಿದ್ರು. ಕೊನೆಗೆ ವಿಷಯ ಹೊರಗೆ ಬಂದಾಗ ಟೀಚರ್ ನಮ್ಮನ್ನ ಎಲ್ಲರ ಮುಂದೆ ನಿಲ್ಲಿಸಿ ಒಂದು ನೀತಿಕಥೆ ಓದಿಸಿದ್ರು, ಆಮೇಲೆ "ಕ್ಷಮಿಸೋನು ದೊಡ್ಡೋನು, ಕೈ ಕೊಡು" ಅಂದ್ರು. ನಾನು ಕೈ ಕೊಟ್ಟೆ. ಅವರು ಮೂವರಿಗೂ ಅಲ್ಲಿಗೆ ಮುಗೀತು, ನನಗೆ ಅಲ್ಲಿಂದ ಶುರುವಾಯ್ತು, ಯಾಕಂದ್ರೆ ಆಮೇಲೆ ನನಗೆ ಸಿಟ್ಟು ಬಂದ್ರೆ ಕೆಟ್ಟವನು ನಾನೇ ಆಗ್ತಿದ್ದೆ. ಇದಾಗಿ ಇಪ್ಪತ್ತು ವರ್ಷದ ಮೇಲಾಯ್ತು, ಇವತ್ತಿಗೂ ಯಾರಾದ್ರೂ "ಕ್ಷಮಿಸಿಬಿಡಪ್ಪ" ಅಂದ್ರೆ ಮೈ ಬಿಗಿಯುತ್ತೆ.

ಹಾಗಂತ ಇಂಥ ಪುಸ್ತಕ ಬೇಡ ಅಂತಿಲ್ಲ. ಬೇಕೇ ಬೇಕು, ಆದ್ರೆ ಕ್ಷಮೆ ಅಂದ್ರೆ ಏನಲ್ಲ ಅನ್ನೋದನ್ನೂ ಅವು ಹೇಳ್ಕೊಡ್ಬೇಕು. ರಾಬರ್ಟ್ ಎನ್‌ರೈಟ್ ಅಂತ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು, ಕ್ಷಮೆ ಬಗ್ಗೇನೇ ಸಂಶೋಧನೆ ಮಾಡಿದವರು, ಶಾಲೆಗಳಿಗೆ ಪಾಠಾನೂ ಮಾಡಿಕೊಟ್ಟವರು, ಅವರು ಇದನ್ನ ಬಹಳ ಬಿಡಿಸಿ ಹೇಳ್ತಾರೆ. ಕ್ಷಮಿಸೋದು ಅಂದ್ರೆ ಮರೆಯೋದಲ್ಲ, ತಪ್ಪೇ ಅಲ್ಲ ಅಂತ ಒಪ್ಕೊಳ್ಳೋದಲ್ಲ, ಮತ್ತೆ ಸ್ನೇಹ ಮಾಡ್ಲೇಬೇಕು ಅಂತಾನೂ ಅಲ್ಲ. ಮನಸ್ಸಲ್ಲಿ ಕ್ಷಮಿಸಿ ದೂರಾನೇ ಇರಬಹುದು. ಇದೊಂದು ವಿಷಯ ನನಗೆ 13ನೇ ವಯಸ್ಸಲ್ಲಿ ಯಾರಾದ್ರೂ ಹೇಳಿದ್ರೆ ಎಷ್ಟೋ ರಾತ್ರಿ ನಿದ್ದೆ ಬರ್ತಿತ್ತು.

ಇನ್ನೊಂದು ಪುಸ್ತಕ ಇದೆ, ಸೈಮನ್ ವೀಸೆಂತಾಲ್ ಬರೆದ 'ದಿ ಸನ್‌ಫ್ಲವರ್'. ಅವರು ನಾಜಿಗಳ ಕ್ಯಾಂಪಲ್ಲಿ ಕೈದಿಯಾಗಿದ್ದಾಗ ಸಾಯ್ತಾ ಮಲಗಿದ್ದ ಒಬ್ಬ ನಾಜಿ ಸೈನಿಕ ಕರೆಸಿ ತಾನು ಮಾಡಿದ ಕೊಲೆಗಳನ್ನ ಹೇಳ್ಕೊಂಡು ಕ್ಷಮಿಸು ಅಂತ ಕೇಳ್ತಾನೆ. ಇವರು ಏನೂ ಹೇಳದೆ ಎದ್ದು ಬರ್ತಾರೆ. ಆಮೇಲೆ ಓದೋರನ್ನೇ ಕೇಳ್ತಾರೆ, ನನ್ನ ಜಾಗದಲ್ಲಿ ನೀವಿದ್ರೆ ಏನ್ ಮಾಡ್ತಿದ್ರಿ ಅಂತ. ಎಷ್ಟೋ ಜನ ಚಿಂತಕರು, ಧರ್ಮಗುರುಗಳು ಬರೆದ ಉತ್ತರಗಳು ಆ ಪುಸ್ತಕದಲ್ಲೇ ಇವೆ, ಒಬ್ಬರ ಥರ ಇನ್ನೊಬ್ಬರದಿಲ್ಲ. ಸತ್ತವರ ಪರವಾಗಿ ಕ್ಷಮಿಸೋ ಹಕ್ಕು ಬದುಕಿರೋನಿಗೆ ಎಲ್ಲಿದೆ ಅನ್ನೋ ಪ್ರಶ್ನೆ ಅಲ್ಲಿ ಬರುತ್ತೆ. 16-17 ವಯಸ್ಸಿನವರು ಇದನ್ನ ಖಂಡಿತ ತಡ್ಕೊಳ್ತಾರೆ, ಚಿಕ್ಕವರಿಗೆ ಬೇಡ.

ಮೇಡಂ, ನಿಮ್ಮ ಮಗ ಪುಸ್ತಕ ಓದಿ ಮನಸ್ಸು ಕರಗಿ ಸಾರಿ ಕೇಳೋಕೆ ಹೋದ್ರೆ ತುಂಬ ಸಂತೋಷ. ಆದ್ರೆ ಆ ಹುಡುಗ ಒಪ್ದೇ ಇರಬಹುದು. ಅದಕ್ಕೂ ಅವನನ್ನ ತಯಾರು ಮಾಡಿ. ಕೇಳೋದು ಇವನ ಕೆಲಸ, ಕೊಡೋದು ಬಿಡೋದು ಅವನಿಷ್ಟ.

---

ಅರ್ಧಓದಿದಪುಟ

ನನಗೆ 17, ನಾನೂ ಉತ್ತರ ಹಾಕ್ಬಹುದಲ್ವಾ. ಆಂಟಿ, ನಿಮ್ಮ ಮಗ ಹೇಳಿದ್ದು ಸುಳ್ಳಲ್ಲ, ನಿಜವಾಗ್ಲೂ ಯಾಕೆ ಮಾಡ್ದೆ ಅಂತ ಆ ಟೈಮಲ್ಲಿ ಗೊತ್ತಾಗಲ್ಲ. ನಾನೂ ಹತ್ತನೇ ಕ್ಲಾಸಲ್ಲಿ ಒಬ್ಳ ಬಗ್ಗೆ ಇಲ್ಲದ್ದೊಂದು ಮಾತು ಹಬ್ಬಿಸಿದ್ದೆ, ಸಿಟ್ಟೂ ಇರಲಿಲ್ಲ ಏನೂ ಇರಲಿಲ್ಲ, ಸುತ್ತ ಇದ್ದೋರೆಲ್ಲ ನನ್ನನ್ನೇ ನೋಡ್ತಿದ್ರು ಅಷ್ಟೇ.

ದೊಡ್ಡವರಿಗೆ ಒಂದೇ ರಿಕ್ವೆಸ್ಟ್. ಪುಸ್ತಕ ಮುಗಿಸಿದ ತಕ್ಷಣ "ಇದರಿಂದ ಏನು ಕಲಿತೆ" ಅಂತ ಕೇಳ್ಬೇಡಿ ಪ್ಲೀಸ್. ಆ ಪ್ರಶ್ನೆ ಕೇಳಿದ ಕೂಡ್ಲೇ ನಾವು ನಿಮಗೆ ಬೇಕಾದ ಉತ್ತರ ಕೊಟ್ಟು ಪುಸ್ತಕ ಮುಚ್ಚಿಡ್ತೀವಿ, ಒಳಗೆ ಏನಾಗಿತ್ತೋ ಅದು ಒಳಗೇ ಹೋಗುತ್ತೆ. ನಮ್ಮ ಲೈಬ್ರರಿ ಮೇಡಂ ಬೇರೆ ಥರ ಕೇಳ್ತಿದ್ರು, "ಯಾವ ಪುಟದಲ್ಲಿ ಇವನನ್ನ ಹಿಡ್ಕೊಂಡು ನಿಲ್ಲಿಸ್ಬೇಕು ಅನ್ನಿಸ್ತು?" ಅಂತ. ಅದಕ್ಕೆ ಉತ್ತರ ಹೇಳೋಕೆ ಪುಟ ತಿರುಗಿಸಿ ಹುಡುಕ್ಬೇಕಾಗುತ್ತೆ, ಹುಡುಕ್ತಾ ಹುಡುಕ್ತಾ ನನ್ನದೇ ಆ ಪುಟ ಯಾವುದು ಅಂತ ಹೊಳೀತು.

ಮತ್ತೆ ಅಂಗುಲಿಮಾಲನ ಕಥೆ ಕೇಳಿರ್ತೀರಲ್ಲ, ಬುದ್ಧನ್ನ ನೋಡಿ ಕೊಲ್ಲೋದು ಬಿಟ್ಟು ಭಿಕ್ಷು ಆದ ಅಂತ. ಚಿಕ್ಕೋರಿದ್ದಾಗ ಅಷ್ಟೇ ಹೇಳಿದ್ರು. ಆಮೇಲೆ ನಾನೇ ಓದಿದಾಗ ಗೊತ್ತಾಗಿದ್ದು, ಭಿಕ್ಷು ಆದ್ಮೇಲೂ ಅವನು ಭಿಕ್ಷೆಗೆ ಹೋದಾಗ ಅವನ ಮೇಲೆ ಕಲ್ಲು, ಕೋಲು ಬೀಳುತ್ತೆ, ತಲೆ ಒಡೆದು ರಕ್ತ ಸುರಿಸ್ಕೊಂಡು ಬರ್ತಾನೆ, ಬುದ್ಧ ಸಹಿಸ್ಕೋ ಅಂತಾರೆ. ನನಗೆ ಅದು ಓದಿ ಒಂಥರ ಸಮಾಧಾನ ಆಯ್ತು, ವಿಚಿತ್ರ ಅನ್ನಿಸಬಹುದು. ಅಂದ್ರೆ ನಾನು ಬದಲಾದ್ರೂ ಅವಳು ನನ್ನನ್ನ ನಂಬದೇ ಇರಬಹುದು, ಅದು ಅನ್ಯಾಯ ಅಲ್ಲ, ನಾನು ಬದಲಾಗಿದ್ದೂ ಸುಳ್ಳಲ್ಲ. ಎರಡೂ ಒಟ್ಟಿಗೇ ಇರಬಹುದು ಅಂತ.

ಮೊದಲೆಲ್ಲ ಮಾತಾಡಿದ್ದು ಗಾಳೀಲಿ ಹೋಗ್ತಿತ್ತು, ಈಗ ಹಾಕಿದ್ದು ಯಾರ ಫೋನಲ್ಲೋ ಇದ್ದೇ ಇರುತ್ತೆ, ಡಿಲೀಟ್ ಮಾಡಿದ್ರೂ. ಅದಕ್ಕೇ ಈ ಪುಸ್ತಕಗಳು ನಿಮಗಿಂತ ನಮಗೆ ಜಾಸ್ತಿ ಬೇಕು ಅಂತ ನನ್ನ ಅಭಿಪ್ರಾಯ.

---

ನಿಧಾನವಾಗಿಓದುವವ

ಮಗೂ, ನೀನು "ಸುತ್ತ ಇದ್ದೋರೆಲ್ಲ ನೋಡ್ತಿದ್ರು" ಅಂದ್ಯಲ್ಲ, ಅದು ನೆಪ ಅಲ್ಲ. ನಾನು ಹದಿಹರೆಯದವರ ಆಪ್ತಸಮಾಲೋಚನೆ ಮಾಡೋನು. 2005ರಲ್ಲಿ ಗಾರ್ಡ್ನರ್, ಸ್ಟೈನ್‌ಬರ್ಗ್ ಅನ್ನೋ ಇಬ್ಬರು ಒಂದು ಪ್ರಯೋಗದ ವರದಿ ಪ್ರಕಟಿಸಿದ್ರು. ಕಂಪ್ಯೂಟರಲ್ಲಿ ಕಾರು ಓಡಿಸೋ ಆಟ, ಸಿಗ್ನಲ್ ಹಳದಿ ಆದ್ಮೇಲೂ ಮುಂದಕ್ಕೆ ಹೋದ್ರೆ ಪಾಯಿಂಟ್ ಸಿಗುತ್ತೆ, ಆದ್ರೆ ಗುದ್ದಿದ್ರೆ ಹೋಯ್ತು. ಗೆಳೆಯರು ಪಕ್ಕದಲ್ಲಿದ್ದಾಗ ಹದಿಹರೆಯದವರು ಒಬ್ಬರೇ ಇದ್ದಾಗಿಗಿಂತ ತುಂಬ ಜಾಸ್ತಿ ಅಪಾಯ ತಗೊಂಡ್ರು, ದೊಡ್ಡವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಮೆದುಳಲ್ಲಿ ಮುಂದಾಲೋಚನೆ, ತಡೆದುಕೊಳ್ಳೋದು ಇದನ್ನೆಲ್ಲ ನೋಡ್ಕೊಳ್ಳೋ ಹಣೆಯ ಹಿಂದಿನ ಭಾಗ ಇಪ್ಪತ್ತು ದಾಟಿದ ಮೇಲೂ ಬೆಳೀತಾನೇ ಇರುತ್ತೆ. ಹಾಗಂತ ತಪ್ಪು ತಪ್ಪಲ್ಲ ಅಂತ ಅಲ್ಲ. ಈ ವಯಸ್ಸಲ್ಲಿ ತಪ್ಪು ಆಗೇ ಆಗುತ್ತೆ, ಹಾಗಾಗಿ ಆದ್ಮೇಲೆ ಏನು ಮಾಡೋದು ಅನ್ನೋದನ್ನ ಮೊದಲೇ ಕಲಿತಿರ್ಬೇಕು. ಈಜು ನಾವು ಪ್ರವಾಹ ಬಂದ ದಿನ ಕಲಿಯಲ್ಲ.

ಆದ್ರೆ ನಾನು ಬರೀಬೇಕು ಅನ್ಕೊಂಡಿದ್ದು ಅಪ್ಪಅಮ್ಮಂದಿರಿಗೆ. ಗಾಂಧಿ ಆತ್ಮಕಥೇಲಿ ಒಂದು ಪ್ರಸಂಗ ಇದೆ. 15 ವರ್ಷದ ಹುಡುಗ ಅಣ್ಣನ ತೋಳಿನ ಕಡಗದಿಂದ ಒಂದು ಚೂರು ಚಿನ್ನ ಕದ್ದಿರ್ತಾರೆ, ಅಣ್ಣ ಮಾಡಿದ ಸಾಲ ತೀರಿಸೋಕೆ. ಆಮೇಲೆ ತಡ್ಕೊಳ್ಳೋಕಾಗದೆ ಅಪ್ಪನಿಗೆ ಹೇಳ್ಬೇಕು ಅನ್ಸುತ್ತೆ, ಆದ್ರೆ ಬಾಯಿ ಬರಲ್ಲ. ಚೀಟಿ ಬರೀತಾರೆ, ತಪ್ಪು ಒಪ್ಕೊಂಡು, ಶಿಕ್ಷೆ ಕೊಡಿ ಅಂತ ಕೇಳಿ, ನನ್ನ ತಪ್ಪಿಗೆ ನಿಮ್ಮನ್ನ ನೀವು ದಂಡಿಸ್ಕೋಬೇಡಿ ಅಂತಾನೂ ಬರೆದು. ಕಾಯಿಲೆಯಿಂದ ಮಲಗಿದ್ದ ಅಪ್ಪ ಎದ್ದು ಕೂತು ಓದ್ತಾರೆ, ಕಣ್ಣೀರು ಚೀಟಿ ಮೇಲೆ ಬೀಳುತ್ತೆ, ಸ್ವಲ್ಪ ಹೊತ್ತು ಕಣ್ಮುಚ್ಚಿ ಕೂತು ಆಮೇಲೆ ಚೀಟಿ ಹರಿದುಹಾಕಿ ಮತ್ತೆ ಮಲಗ್ತಾರೆ. ಬೈಯಲಿಲ್ಲ, ಉಪದೇಶ ಇಲ್ಲ. ಮುಂಗೋಪದ ಮನುಷ್ಯ, ಹಣೆ ಚಚ್ಚಿಕೊಳ್ತಾರೆ ಅಂತ ಹುಡುಗ ಹೆದರಿದ್ದ.

ಇದನ್ನ ಮಗನಿಗೆ ಓದಿಸೋದು ಸರಿ, ಆದ್ರೆ ಮನೆಯವರೂ ಓದ್ಲಿ. ಆ ಕಥೇಲಿ ಅರ್ಧ ಕೆಲಸ ಅಪ್ಪನದು. ತಪ್ಪು ಒಪ್ಕೊಂಡ ಮಗುವಿಗೆ ಮನೇಲಿ ಮೊದಲ ಐದು ನಿಮಿಷ ಏನಾಗುತ್ತೆ ಅನ್ನೋದರ ಮೇಲೆ ಮುಂದಿನ ಸಲ ಅದು ಬಾಯಿ ಬಿಡುತ್ತೋ ಇಲ್ವೋ ಅನ್ನೋದು ನಿಂತಿರುತ್ತೆ. ಫೋನ್ ಕಿತ್ತಿಟ್ಕೊಂಡಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ಅದಾದ್ಮೇಲೆ ಪಕ್ಕದಲ್ಲಿ ಕೂತ್ರಾ ಅಂತ ಕೇಳ್ತಿದೀನಿ.

ಇನ್ನು ಪರೀಕ್ಷೆ ವರ್ಷ ಅನ್ನೋ ವಿಷಯ. ದಿನಕ್ಕೆ ಇಪ್ಪತ್ತು ನಿಮಿಷ, ಹತ್ತು ಪುಟ ಸಾಕು. "ನಾನು ಅಂಥವನೇ" ಅಂತ ರೂಮಲ್ಲಿ ಕೂತ ಹುಡುಗನ ಎದುರು ಪಠ್ಯಪುಸ್ತಕ ತೆರೆದಿದ್ರೂ ಅವನು ಓದ್ತಿರಲ್ಲ.

---

ಕಪ್ಪುಹಲಗೆ

ಮೂಲೆಬೆಂಚು ಅವ್ರೇ, ನಿಮ್ಮದು ಓದಿ ಎರಡು ದಿನ ಅದೇ ತಲೇಲಿತ್ತು. ನಾನೂ ಹೊಸದರಲ್ಲಿ ಇಬ್ಬರು ಹುಡುಗಿಯರನ್ನ ಹೀಗೇ ಎದುರುಬದುರು ನಿಲ್ಲಿಸಿ ಕೈ ಕೊಡಿಸಿದ್ದೆ, ಒಳ್ಳೇದು ಮಾಡ್ತಿದೀನಿ ಅನ್ಕೊಂಡು. ಅದರಲ್ಲೊಬ್ಳು ಆಮೇಲೆ ನನ್ನ ಕ್ಲಾಸಲ್ಲಿ ಬಾಯೇ ಬಿಡಲಿಲ್ಲ, ಯಾಕೆ ಅಂತ ಇವತ್ತು ಅರ್ಥ ಆಯ್ತು. ಮುಂದಿನ ವಾರದ ಚರ್ಚೆಗೆ ಎನ್‌ರೈಟ್ ಹೇಳಿದ ಆ ವ್ಯತ್ಯಾಸಾನೇ ಮೊದಲು ಇಟ್ಕೋತೀನಿ.

---

ಅಂಗಳದಮಲ್ಲಿಗೆ

ಎಲ್ರಿಗೂ ಹೇಗೆ ಥ್ಯಾಂಕ್ಸ್ ಹೇಳೋದೋ ಗೊತ್ತಾಗ್ತಿಲ್ಲ. ಹದಿನೈದು ದಿನ ಆದ್ಮೇಲೆ ಬರೀತಿದೀನಿ, ಬೇಜಾರು ಮಾಡ್ಕೋಬೇಡಿ.

ಗಾಂಧಿಯವರ ಆ ಚೀಟಿ ಪ್ರಸಂಗ ನಮ್ಮೆಜಮಾನ್ರಿಗೆ ನಾನೇ ಗಟ್ಟಿಯಾಗಿ ಓದಿ ಹೇಳ್ದೆ. ಏನೂ ಮಾತಾಡ್ಲಿಲ್ಲ. ರಾತ್ರಿ ಅವನ ರೂಮಿಗೆ ಹೋಗಿ ತುಂಬ ಹೊತ್ತು ಕೂತಿದ್ರು, ಏನು ಮಾತಾಡಿದ್ರೋ ನಾನು ಕೇಳಿಲ್ಲ. ಹ್ಯೂಗೋ ಪುಸ್ತಕದ್ದು ಸಂಕ್ಷಿಪ್ತ ಪ್ರತಿ ತಂದ್ವಿ, ನಾಣ್ಯದ ಭಾಗ ಇರೋದೇ. ನಾನೂ ಅವನೂ ಸರದಿ ಮೇಲೆ ಓದ್ತಿದೀವಿ. ಆ ಭಾಗ ಬಂದಾಗ ಅವನು ಸುಮ್ಮನಾದ, ಆಮೇಲೆ ಒಂದೇ ಪ್ರಶ್ನೆ ಕೇಳ್ದ, "ಆ ಹುಡುಗನಿಗೆ ನಾಣ್ಯ ವಾಪಸ್ ಸಿಗುತ್ತಾ ಅಮ್ಮ?" ಅಂತ. ನನಗೆ ಗೊತ್ತಿರಲಿಲ್ಲ, ನಮ್ಮ ಪ್ರತೀಲಿ ಆ ಹುಡುಗ ಮತ್ತೆ ಬರೋದೇ ಇಲ್ಲ. ಕಪ್ಪುಹಲಗೆ ಅವ್ರೇ, ಮೂಲದಲ್ಲಿ ಏನಾದ್ರೂ ಇದ್ಯಾ?

---

ಕಪ್ಪುಹಲಗೆ

ಸಿಗಲ್ಲ ಮೇಡಂ. ಅವನು ಮತ್ತೆ ಯಾವತ್ತೂ ಎದುರಾಗಲ್ಲ. ಆದ್ರೆ ವಾಲ್‌ಜಾನ್ ಆಮೇಲೆ ಬೇರೆ ಹೆಸರಲ್ಲಿ ದೊಡ್ಡ ಮನುಷ್ಯ ಆಗಿ, ಮೇಯರ್ ಆಗಿರ್ತಾನಲ್ಲ, ಆಗ ಆ ಊರಿಗೆ ಚಿಮಣಿ ಗುಡಿಸೋಕೆ ಅಂತ ಆ ಹುಡುಗನ ಸೀಮೆಯ ಚಿಕ್ಕ ಹುಡುಗರು ಯಾರೇ ಬಂದ್ರೂ ಕರೆಸಿ ಹೆಸರು ಕೇಳ್ತಾನೆ, ಕೈಗೆ ದುಡ್ಡು ಕೊಟ್ಟು ಕಳಿಸ್ತಾನೆ. ಹುಡುಗರು ಈ ವಿಷಯ ಒಬ್ಬರಿಗೊಬ್ಬರು ಹೇಳ್ಕೊಂಡು ತುಂಬ ಜನ ಬರ್ತಿದ್ರು ಅಂತ ಬರೆದಿದಾನೆ ಹ್ಯೂಗೋ. ಒಂದೇ ಸಾಲಲ್ಲಿ ಬಂದು ಹೋಗುತ್ತೆ, ಅದಕ್ಕೇ ಸಂಕ್ಷಿಪ್ತದಲ್ಲಿ ಬಿಟ್ಟುಹೋಗಿರುತ್ತೆ.

---

ಅಂಗಳದಮಲ್ಲಿಗೆ

ಹೇಳ್ದೆ. "ಎಲ್ಲಾ ಹುಡುಗರಿಗೂನಾ?" ಅಂತ ಕೇಳ್ದ, ಹೂಂ ಅಂದೆ. ನಿನ್ನೆಯಿಂದ ಅವನ ನೋಟ್‌ಬುಕ್ಕಲ್ಲಿ ಮಡಚಿದ ಒಂದು ಕಾಗದ ಇದೆ, ಮೇಲೆ ಆ ಗೆಳೆಯನ ಹೆಸರಿದೆ. ನಾನು ತೆಗೆದು ನೋಡಿಲ್ಲ, ಯಾವಾಗ ಕೊಡ್ತೀಯ ಅಂತಾನೂ ಕೇಳಿಲ್ಲ. ಇವತ್ತು ರಾತ್ರಿ ಓದೋ ಸರದಿ ಅವನದು.